ಬಂದೈತಿ ಅಂದವನು ನಾನು

ಶಾಂತಿನಾಥನ ಎಡಗಿವಿ ಹೋದದ್ದು ನನ್ನ ಸುಳ್ಳಿನಿಂದ. ನೊಗದ ಗೂಟ ಹಿಡಿದು ಹೊಡೆದವನು ಬೇರೆ. ಆದರೆ ಎಲ್ಲಿ ಹೊಡೆಯಬೇಕು ಎಂದು ಆ ಗೂಟಕ್ಕೆ ದಾರಿ ತೋರಿಸಿದ್ದು ನನ್ನ ಬಾಯಿ. ಏಳು ವರ್ಷ ಇದನ್ನು ಯಾರಿಗೂ ಹೇಳಿಲ್ಲ. ಹೆಂಡತಿಗೂ ಹೇಳಿಲ್ಲ. ಒಮ್ಮೆ ಹೇಳಲು ಹೋಗಿದ್ದೆ — ಹೋಗಿ ಏನು ಮಾಡಿ ಬಂದೆ ಎಂಬುದನ್ನೂ ಬರೆಯುತ್ತೇನೆ. ಅದು ಮೊದಲಿನದಕ್ಕಿಂತ ಕೀಳು.

ನಾನು ಸುರೇಶ, ಕೊಕಟನೂರಿನವನು. ಕೃಷ್ಣೆಯ ದಂಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಕಾರ್ಖಾನೆಯ ಹೆಸರು ಬೇಡ. ಎಲ್ಲರೂ ನನ್ನನ್ನು ‘ಸಿಸ್ಟಮ್ ಸಾಹೇಬರು’ ಎನ್ನುತ್ತಿದ್ದರು, ನಾನೂ ಅದನ್ನು ಕೇಳಿ ಉಬ್ಬುತ್ತಿದ್ದೆ. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. ಯಾರಾದರೂ ಎರಡು ಸಲ ಒಂದೇ ಪ್ರಶ್ನೆ ಕೇಳಿದರೆ ಮೂರನೆಯ ಸಲ ಫೋನ್ ಕುಕ್ಕುತ್ತಿದ್ದೆ. ಈ ಗುಣವನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಶಾಂತಿನಾಥ ತೂಕದ ಕಟ್ಟೆಯ ಗುಮಾಸ್ತ. ನನಗಿಂತ ಹತ್ತು ವರ್ಷ ದೊಡ್ಡವನು, ಕಾಗವಾಡದ ಕಡೆಯ ಜೈನ ಮನೆತನದವನು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಕಬ್ಬಿನ ಗಾಡಿ ಕಟ್ಟೆಯ ಮೇಲೆ ಏರಿದಾಗ ಅದರ ತೂಕ ನೋಡಿ ಚೀಟಿ ಕೊಡುವುದು ಅವನ ಕೆಲಸ. ಗಾಜಿನ ಕ್ಯಾಬಿನ್ನಿನಲ್ಲಿ ಕುಳಿತು, ತಲೆ ಎತ್ತದೆಯೇ, ‘ಇದು ತೆಲಸಂಗದ ಹಳೇ ಟ್ರ್ಯಾಕ್ಟರ್ ಬರಾಕತ್ತೈತಿ, ಸೈಲೆನ್ಸರ್ ಒಡದೈತಿ’ ಎನ್ನುತ್ತಿದ್ದ. ತಿರುವಿನಲ್ಲಿ ನೋಡಿದರೆ ಅದೇ ಟ್ರ್ಯಾಕ್ಟರ್. ನಾವೆಲ್ಲ ಅವನ ಕಿವಿಯ ಮೇಲೆ ಚಹಾ ಪಂದ್ಯ ಕಟ್ಟುತ್ತಿದ್ದೆವು, ಅವನು ಸೋತದ್ದು ನನಗೆ ನೆನಪಿಲ್ಲ.

ಆಗ ಕಾರ್ಖಾನೆಯಲ್ಲಿ ಐದು ಸರ್ವರುಗಳಿದ್ದವು. ಒಂದೊಂದರ ಮುಂದೆ ಕುಳಿತು ಸೆಟ್ಟಿಂಗ್ ಬದಲಿಸುವ ತಲೆನೋವು ಬೇಡವೆಂದು ನಾನೇ ಒಂದು ಟೂಲ್ ಹಾಕಿದ್ದೆ. ಮೂಲ ಫೈಲುಗಳೆಲ್ಲ ಒಂದು ಕಡೆ ಇರುತ್ತವೆ. ಅರ್ಧ ತಾಸಿಗೊಮ್ಮೆ ಆ ಟೂಲ್ ಪ್ರತಿ ಯಂತ್ರಕ್ಕೂ ಹೋಗಿ, ಅಲ್ಲಿರುವ ಫೈಲು ಮೂಲದಂತೆ ಇದೆಯೇ ಎಂದು ನೋಡುತ್ತದೆ. ಬೇರೆ ಇದ್ದರೆ ಮೂಲದಂತೆ ಮಾಡಿ, ಸರ್ವಿಸನ್ನು, ಅಂದರೆ ಆ ಫೈಲು ಓದಿ ಓಡುವ ಪ್ರೋಗ್ರಾಮನ್ನು, ನಿಲ್ಲಿಸಿ, ಮತ್ತೆ ಚಾಲೂ ಮಾಡುತ್ತದೆ. ಇದರಲ್ಲಿ ಒಂದೇ ನಿಯಮ: ಯಂತ್ರದ ಮೇಲೆ ನೇರವಾಗಿ ಕೈ ಹಚ್ಚಬಾರದು, ತಿದ್ದುವುದಿದ್ದರೆ ಮೂಲದಲ್ಲಿ ತಿದ್ದಬೇಕು. ಈ ನಿಯಮವನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದವನು ನಾನೇ.

ಆ ಹಂಗಾಮಿನಲ್ಲಿ ಮಿಲ್ಲಿನ ಒಂದು ಭಾಗ ಕೆಟ್ಟು ಎರಡು ದಿನ ನುರಿಸುವುದು ನಿಂತಿತ್ತು. ಯಾರ್ಡಿನಲ್ಲಿ ಗಾಡಿಗಳು ಮೈಲಿಗಟ್ಟಲೆ. ಟ್ರ್ಯಾಕ್ಟರ್, ಲಾರಿ, ನಡುನಡುವೆ ಎತ್ತಿನ ಗಾಡಿ. ಕಬ್ಬು ಒಣಗುತ್ತಿತ್ತು, ಜನ ಎರಡು ದಿನ ಮಲಗಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಮಿಲ್ ಚಾಲೂ ಆಯಿತು. ಅದೇ ಬೆಳಿಗ್ಗೆ ನಾನು ತೂಕದ ಸರ್ವಿಸಿನ ಮೂಲ ಫೈಲಿನಲ್ಲಿ ಒಂದು ಅಂಕಿ ಬದಲಿಸಿದ್ದೆ. ಒಂದೇ ಅಂಕಿ. ಆ ಸರ್ವಿಸು ಯಾವ ಬಾಗಿಲಲ್ಲಿ ಕಾಯಬೇಕು ಎಂದು ಹೇಳುವ ಪೋರ್ಟ್ ನಂಬರಿನ ಕೊನೆಯ ಅಂಕಿ ಒಂದನ್ನು ಅಳಿಸಿ ಸೊನ್ನೆ ಹಾಕಿದೆ. ಅವತ್ತೇ ಅದನ್ನು ಮಾಡುವ ತುರ್ತು ಏನೂ ಇರಲಿಲ್ಲ. ಮಾಡಿದೆ, ಅಷ್ಟೆ.

ಹತ್ತೂವರೆಗೆ ಟೂಲ್ ಆ ಫೈಲನ್ನು ಕಟ್ಟೆಯ ಸರ್ವರಿಗೆ ಒಯ್ದು ಹಾಕಿತು. ಸರ್ವಿಸ್ ನಿಂತಿತು, ಮತ್ತೆ ಏಳಲಿಲ್ಲ. ಸ್ಟಾರ್ಟ್ ಕೊಟ್ಟೆ, ಬಿತ್ತು. ಮತ್ತೆ ಕೊಟ್ಟೆ, ಬಿತ್ತು. ಯಂತ್ರ ತನ್ನ ತಪ್ಪುಗಳನ್ನು ಬರೆದಿಡುವ ಲಾಗ್ ತೆರೆದೆ. ‘ಹದಿನಾಲ್ಕನೆಯ ಸಾಲಿನಲ್ಲಿ ಇರುವುದು ಸಂಖ್ಯೆಯಲ್ಲ’ ಎಂದು ಬಂದಿತ್ತು. ಹದಿನಾಲ್ಕನೆಯ ಸಾಲು ನೋಡಿದೆ. ನಾಲ್ಕು ಅಂಕಿ, ಕೊನೆಗೆ ಸೊನ್ನೆ — ಕಣ್ಣಿಗೆ ಚೊಕ್ಕ ಸಂಖ್ಯೆ. ಸಂಖ್ಯೆಯಲ್ಲದೆ ಇನ್ನೇನು ಇದು, ನಿನ್ನ ತಲೆ, ಎಂದು ಬೈದೆ. ಆ ಪೋರ್ಟನ್ನು ಬೇರೆ ಯಾವುದಾದರೂ ಹಿಡಿದುಕೊಂಡಿದೆಯೇ ನೋಡಿದೆ, ಇಲ್ಲ. ಡಿಸ್ಕ್ ತುಂಬಿದೆಯೇ, ಇಲ್ಲ. ಪರವಾನಗಿ ಸರಿ ಇದೆಯೇ, ಇದೆ. ಕಿಟಕಿಯಾಚೆ ಹಾರ್ನುಗಳು ಶುರುವಾದವು. ಮ್ಯಾನೇಜರು ನಾಲ್ಕು ಸಲ ಫೋನ್ ಮಾಡಿದರು, ನಾಲ್ಕನೆಯ ಸಲ ಬರೀ ಬೈಗುಳ. ಯಾರೋ ತೂಕದ ಕ್ಯಾಬಿನ್ನಿಗೆ ಕಲ್ಲು ಒಗೆದ ಸದ್ದು ನನ್ನ ಕೋಣೆಯವರೆಗೂ ಬಂತು.

ಆಗ ಕಟ್ಟೆಯ ಸರ್ವರಿಗೆ ನೇರವಾಗಿ ಹೋಗಿ, ನಿನ್ನೆಯ ಹಳೆಯ ಫೈಲನ್ನು ಕೈಯಿಂದಲೇ ಹಾಕಿ, ಸ್ಟಾರ್ಟ್ ಕೊಟ್ಟೆ. ಎದ್ದಿತು. ತಪ್ಪು ಎಲ್ಲಿತ್ತು ಎಂದು ಹುಡುಕಲಿಲ್ಲ. ಮೂಲ ಫೈಲು ಹಾಗೇ ಕೆಟ್ಟೇ ಇತ್ತು. ಹನ್ನೊಂದು ಗಂಟೆಗೆ ಟೂಲ್ ಮತ್ತೆ ಬಂದು ಆ ಕೆಟ್ಟ ಫೈಲನ್ನೇ ತಂದು ಹಾಕುತ್ತದೆ ಎಂಬುದು ನನಗೆ — ಗೊತ್ತಿತ್ತು. ಮರೆತಿದ್ದೆ ಎಂದು ಬರೆಯಲು ಕೈ ಹೋಗುತ್ತಿದೆ, ಬರೆಯುವುದಿಲ್ಲ. ಗೊತ್ತಿತ್ತು. ಅಷ್ಟರೊಳಗೆ ನೋಡಿಕೊಳ್ಳುತ್ತೇನೆ ಎಂದುಕೊಂಡೆ. ಆ ಯಂತ್ರದ ಮೇಲೆ ಟೂಲನ್ನು ತಡೆಹಿಡಿಯಲು ಒಂದು ಸಾಲು ಟೈಪ್ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ. ‘ಆಯಿತು’ ಎಂದು ಮೊದಲು ಹೇಳಿಬಿಡುವ ಆತುರ. ಇಂಟರ್‌ಕಾಮ್ ಎತ್ತಿ ಶಾಂತಿನಾಥನಿಗೆ ಹಚ್ಚಿದೆ.

“ಬಂದೈತಿ.”

ಅಷ್ಟೇ ಹೇಳಿದ್ದು. “ಹೂಂ ರೀ” ಎಂದ. ಇನ್ನೇನೋ ಕೇಳಲು ಹೊರಟಿದ್ದ, ನಾನು ಫೋನ್ ಇಟ್ಟೆ.

ನಮ್ಮ ಕಡೆಯವರಲ್ಲದವರಿಗೆ ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ‘ಬಂದೈತಿ’ ಎಂದರೆ ಬಂದಿದೆ, ಸರ್ವರ್ ಮತ್ತೆ ಚಾಲೂ ಆಗಿದೆ. ‘ಬಂದ್ ಐತಿ’ ಎಂದರೆ ಮುಚ್ಚಿದೆ, ನಿಂತಿದೆ. ಬಾಯಿಂದ ಬೇಗ ಹೊರಬಿದ್ದರೆ ಎರಡೂ ಒಂದೇ. ಗಡಿ ಭಾಗದ ನಾವು ಕನ್ನಡದ ‘ಬಂದ’ವನ್ನೂ ಮರಾಠಿಯ ‘ಬಂದ್’ಅನ್ನೂ ಒಂದೇ ಚೀಲದಲ್ಲಿ ಇಟ್ಟುಕೊಂಡವರು. ‘ಅಂಗಡಿ ಬಂದೈತೋ, ಬಂದ್ ಐತೋ’ ಎಂದು ಒಬ್ಬರನ್ನೊಬ್ಬರು ಕಾಡಿಸಿ ನಗುತ್ತಿರುತ್ತೇವೆ. ಅವತ್ತು ನಾನು ಹೇಳಿದ್ದು ಬಂದಿದೆ ಎಂದು. ಅವನು ಕೇಳಿಸಿಕೊಂಡದ್ದೂ ಬಂದಿದೆ ಎಂದೇ. ಇದರಲ್ಲಿ ಕೂದಲೆಳೆಯಷ್ಟೂ ಸಂಶಯವಿಲ್ಲ.

ಅವನು ಮೈಕ್ ಹಿಡಿದು ಕೂಗಿದ್ದು ನನಗೂ ಕೇಳಿತು. “ಬಂದೈತ್ರಿ, ಗಾಡಿ ಸಾಲ ಹಚ್ರಿ, ಗದ್ಲ ಮಾಡಬ್ಯಾಡ್ರಿ.” ಕಟ್ಟೆಯ ಮೇಲೆ ಭಾರ ಬಿದ್ದಾಗ ಮಾತ್ರ ಅವನ ಪರದೆ ಎಚ್ಚರಾಗುತ್ತಿತ್ತು. ಹಾಗಾಗಿ ನನ್ನ ಮಾತೊಂದೇ ಅವನಿಗೆ ಆಧಾರ.

ಯಾರ್ಡಿನಲ್ಲಿ ಎಲ್ಲ ಇಂಜಿನ್ನುಗಳು ಒಮ್ಮೆಲೇ ಎದ್ದವು. ಎರಡು ದಿನ ಕಾದವರು ಸಾಲು ನೋಡುತ್ತಾರೆಯೇ. ಅಡ್ಡಗಟ್ಟಿ ನುಗ್ಗಿದರು, ಬಂಪರಿಗೆ ಬಂಪರು ಬಡಿದವು. ಒಂದು ಟ್ರ್ಯಾಕ್ಟರಿನ ಹಿಂದಿನ ಟ್ರೇಲರು ಇಳುಕಲಿನಲ್ಲಿ ಜಾರಿ ಮಲ್ಲಪ್ಪ ಎಂಬವನ ಎತ್ತಿನ ಗಾಡಿಗೆ ಹೋಗಿ ಬಡಿಯಿತು. ಎಡಗಡೆಯ ಎತ್ತಿನ ಮುಂಗಾಲು ಮುರಿದು ಎಲುಬು ಚರ್ಮ ಹರಿದು ಹೊರಗೆ ಬಂತು. ಅದು ಕಿರುಚಿದ್ದನ್ನು ನಾನು ಕಿಟಕಿಯಲ್ಲಿ ನಿಂತು ಕೇಳಿದೆ. ಎತ್ತು ಹಾಗೆ ಕಿರುಚುತ್ತದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಆ ಗದ್ದಲದಲ್ಲೇ ಮೊದಲ ಟ್ರ್ಯಾಕ್ಟರು ಕಟ್ಟೆ ಏರಿತು. ಅಷ್ಟು ಹೊತ್ತಿಗೆ ಹನ್ನೊಂದಾಗಿತ್ತು. ಟೂಲ್ ತನ್ನ ಕೆಲಸ ಮಾಡಿತ್ತು. ಪರದೆ ಎಚ್ಚರಾಗಲಿಲ್ಲ, ಚೀಟಿ ಬರಲಿಲ್ಲ.

ಶಾಂತಿನಾಥನನ್ನು ಕ್ಯಾಬಿನ್ನಿನಿಂದ ಎಳೆದರು. ಬಾಗಿಲಿನಿಂದ ಅಲ್ಲ, ಒಡೆದ ಗಾಜಿನ ಕಿಂಡಿಯಿಂದ ಕೊರಳಪಟ್ಟಿ ಹಿಡಿದು ಎಳೆದರು. ಹೊಟ್ಟೆಯ ಮೇಲಿನ ಅಂಗಿ ಹರಿದು ರಕ್ತ ಬಂತು. ಕಪಾಳಕ್ಕೆ, ಬೆನ್ನಿಗೆ, ಕಬ್ಬಿನ ಗಳದಿಂದ. ಅವನು ಕೈ ಎತ್ತಿ ನನ್ನ ಕಿಟಕಿಯ ಕಡೆ ತೋರಿಸಿದ. ಅವನು ತಪ್ಪಿಸಿಕೊಳ್ಳಲು ತೋರಿಸಿದ್ದಲ್ಲ. ಅವರು ‘ಯಾರು ಹೇಳ್ಯಾರ’ ಎಂದು ಕೇಳಿರಬೇಕು, ಅವನು ಇದ್ದದ್ದನ್ನು ಹೇಳಿದ. ಇಪ್ಪತ್ತು ಮೂವತ್ತು ಜನ ಅವನನ್ನು ಎಳೆದುಕೊಂಡೇ ನನ್ನ ಕೋಣೆಯತ್ತ ಬಂದರು.

ನಾನು ಒಳಗಿಂದ ಚಿಲಕ ಹಾಕಿದೆ. ಬಾಗಿಲು ಗಾಜಿನದು, ಎರಡೇ ಏಟಿಗೆ ಉದುರಿತು. ಮೊದಲು ಬಂದವನು ಮಾನಿಟರು ಎತ್ತಿ ನೆಲಕ್ಕೆ ಕುಕ್ಕಿದ. ಇನ್ನೊಬ್ಬ ಸರ್ವರಿನ ಕಪಾಟಿಗೆ ಒದ್ದ. ಮಲ್ಲಪ್ಪ ನನ್ನ ಕುತ್ತಿಗೆಗೆ ಕೈ ಹಾಕಿ ಗೋಡೆಗೆ ಒತ್ತಿದ. ಅವನ ಇನ್ನೊಂದು ಕೈಯಲ್ಲಿ ನೊಗದ ಗೂಟ ಇತ್ತು, ಮುರಿದ ಗಾಡಿಯಿಂದ ಕಿತ್ತುಕೊಂಡು ಬಂದಿದ್ದ. ಅವನ ಅಂಗಿಯ ಮೇಲೆ ಎತ್ತಿನ ರಕ್ತ. ಅವನು ಅಳುತ್ತಿದ್ದ, ಅದಕ್ಕೇ ನನಗೆ ಹೆಚ್ಚು ಭಯವಾಯಿತು.

“ಫೋನಿನ್ಯಾಗ ಏನ ಹೇಳಿದಿ ನೀ? ಖರೇ ಹೇಳ, ಇಲ್ಲಂದ್ರ ತಲಿ ಒಡದ ಬಿಡ್ತೀನಿ.”

ಸತ್ಯ ಹೇಳಿದ್ದರೆ ನನ್ನ ತಲೆ ಒಡೆಯುತ್ತಿದ್ದ. ಒಡೆಯುತ್ತಿದ್ದನೋ ಇಲ್ಲವೋ, ನನಗೆ ಹಾಗೆನಿಸಿತು. ನನ್ನ ಗಂಟಲಿನ ಮೇಲೆ ಅವನ ಹೆಬ್ಬೆರಳಿತ್ತು. ಆ ಹೊತ್ತಿನಲ್ಲಿ ನನ್ನ ಬುದ್ಧಿ ಎಷ್ಟು ಚುರುಕಾಗಿ ಓಡಿತು ಎಂದರೆ — ಬೆಳಗಿನಿಂದ ಆ ಹದಿನಾಲ್ಕನೆಯ ಸಾಲಿನ ಮುಂದೆ ಓಡದೆ ನಿಂತಿದ್ದ ಬುದ್ಧಿ ಅದು.

“ನಾ ಬಂದ್ ಐತಿ ಅಂದಿದ್ನಿ,” ಎಂದೆ. “ಬಂದ್. ಸರ್ವರ್ ಬಂದ್ ಐತಿ, ಗಾಡಿ ಬಿಡಬ್ಯಾಡ ಅಂತ. ಅಂವ ತಪ್ಪ ಕೇಳ್ಯಾನ.”

ಅಲ್ಲಿದ್ದವರೆಲ್ಲ ಆ ಎರಡು ಮಾತುಗಳನ್ನು ಬಾಯೊಳಗೇ ಹೇಳಿಕೊಂಡು ನೋಡುತ್ತಿದ್ದರು. ಎಲ್ಲರಿಗೂ ಹೌದೆನಿಸಿತು. ನೆಲದ ಮೇಲೆ, ಗಾಜಿನ ಚೂರುಗಳ ನಡುವೆ ಮೊಣಕಾಲೂರಿದ್ದ ಶಾಂತಿನಾಥ ತಲೆ ಎತ್ತಿ ನನ್ನನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

“ಹಂಗ ಅಂದಿದ್ರೇನ್ರಿ?” ಎಂದು ಕೇಳಿದ. ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ.

ನಾನು ಹೌದೆಂದು ತಲೆಯಾಡಿಸಿದೆ.

ಮಲ್ಲಪ್ಪ ನನ್ನ ಕುತ್ತಿಗೆ ಬಿಟ್ಟ. ತಿರುಗಿದ. “ಕಿವ್ಯಾಗ ಏನ ತುರುಕೊಂಡ ಕುಂತಿದ್ದಿ ಮಗನ? ನನ್ನ ಎತ್ತ ಹೋತು,” ಎಂದು ಗೂಟ ಬೀಸಿದ. ನೇರವಾಗಿ ಎಡಗಿವಿಯ ಮೇಲೆ. ಕಟ್ಟಿಗೆ ಎಲುಬಿಗೆ ತಾಗಿದ ಸದ್ದು. ಶಾಂತಿನಾಥ ಒಂದು ಪಕ್ಕಕ್ಕೆ ಬಿದ್ದ. ಇನ್ನೊಮ್ಮೆ ಬೀಸಿದ, ಅದೇ ಜಾಗಕ್ಕೆ. ಕಿವಿಯಿಂದ ರಕ್ತ ಹೊರಬಂದು ಕುತ್ತಿಗೆಗೆ ಇಳಿಯಿತು, ಅಂಗಿಯ ಕೊರಳು ತೊಯ್ದು ಕಪ್ಪಾಯಿತು. ಉಳಿದವರು ಒದ್ದರು. ಯಾರೋ ‘ಕೇಳಸ್ತೇನ ಈಗ, ಕೇಳಸ್ತೇನ’ ಎನ್ನುತ್ತ ಒದೆಯುತ್ತಿದ್ದರು. ಕೊನೆಗೆ ಕಾವಲುಗಾರರು ಲಾಠಿ ಹಿಡಿದು ಬಂದರು. ಅಷ್ಟು ಹೊತ್ತೂ ನಾನು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದೆ. ಒಂದು ಹೆಜ್ಜೆ ಮುಂದೆ ಬಂದು ‘ಬಿಡ್ರಿ, ನಾ ಸುಳ್ಳ ಹೇಳಿನ್ನಿ’ ಎನ್ನಬಹುದಿತ್ತು. ಎರಡು ಏಟಿನ ನಡುವೆ ಅಷ್ಟು ಹೊತ್ತಿತ್ತು. ಎಣಿಸಿದ್ದೇನೆ, ಎಷ್ಟೋ ಸಲ.

ಅವನನ್ನು ಜೀಪಿನಲ್ಲಿ ಮಿರಜಕ್ಕೆ ಒಯ್ದರು. ನಾನು ಏನು ಮಾಡಿದೆ ಗೊತ್ತೇ? ಒಡೆಯದೆ ಉಳಿದ ಒಂದು ಕಂಪ್ಯೂಟರಿನ ಮುಂದೆ ಕುಳಿತೆ. ಮೂಲ ಫೈಲು ತೆರೆದು, ಆ ಪೋರ್ಟ್ ನಂಬರನ್ನು ಹುಡುಕು ಎಂದು ಟೈಪ್ ಮಾಡಿದೆ. ‘ಇಲ್ಲ’ ಎಂದಿತು. ಕಣ್ಣೆದುರಿಗೇ ಇದೆ, ಇಲ್ಲ ಎನ್ನುತ್ತದೆ. ಆಗ ತಿಳಿಯಿತು. ಬೆಳಿಗ್ಗೆ ರೈತರಿಗೆ ಕಳಿಸಲು ಕಬ್ಬು ಕಡಿಯುವ ಪಾಳಿಯ ಸೂಚನೆಯನ್ನು ಕನ್ನಡದಲ್ಲಿ ಟೈಪ್ ಮಾಡುತ್ತಿದ್ದೆ. ಕೀಬೋರ್ಡನ್ನು ಇಂಗ್ಲಿಷಿಗೆ ತಿರುಗಿಸದೆ ಈ ಫೈಲಿಗೆ ಬಂದು ಕೊನೆಯ ಸೊನ್ನೆ ಒತ್ತಿದ್ದೆ. ಬಿದ್ದದ್ದು ಕನ್ನಡದ ಸೊನ್ನೆ. ನೋಡಲು ಎರಡೂ ಒಂದೇ ಗುಂಡು, ಯಂತ್ರಕ್ಕೆ ಬೇರೆ. ಲಾಗ್ ಮೊದಲ ಸಲವೇ ಸತ್ಯ ಹೇಳಿತ್ತು. ನಾನು ಅದನ್ನು ಬೈದಿದ್ದೆ.

ಸೊನ್ನೆ ತಿದ್ದಿದೆ. ಸರ್ವಿಸ್ ಎದ್ದಿತು. ಆಮೇಲೆ ಯಾರು ಯಾವಾಗ ಏನು ಬದಲಿಸಿದರು ಎಂಬ ದಾಖಲೆ ಇರುತ್ತದಲ್ಲ, ಅದರಲ್ಲಿ ಆ ದಿನದ ನನ್ನ ಹೆಸರನ್ನು ಅಳಿಸಿದೆ. ನಾನು ನೇರವಾಗಿ ಯಂತ್ರಕ್ಕೆ ಹೋದ ಗುರುತನ್ನೂ ಅಳಿಸಿದೆ. ಕೀಬೋರ್ಡಿನ ಕೆಳಗೆ ಮೇಜಿನ ಮೇಲೆ ಅವನ ರಕ್ತದ ಹನಿಗಳಿದ್ದವು. ಅವನ್ನು ಅಂಗಿಯ ತೋಳಿನಿಂದ ಒರೆಸಿದೆ. ಸಂಜೆಯ ಹೊತ್ತಿಗೆ ಗಾಡಿಗಳೆಲ್ಲ ಸಾಲಾಗಿ ತೂಕವಾಗುತ್ತಿದ್ದವು. ಮಲ್ಲಪ್ಪನ ಎತ್ತು ಯಾರ್ಡಿನ ಬೇಲಿಯ ಹತ್ತಿರ ಬಿದ್ದುಕೊಂಡಿತ್ತು, ಮರುದಿನ ಸತ್ತಿತು.

ಹದಿನೈದು ದಿನದ ಮೇಲೆ ಆಫೀಸಿನಲ್ಲಿ ವಿಚಾರಣೆ. ಶಾಂತಿನಾಥ ತಲೆಗೆ ಪಟ್ಟಿ ಕಟ್ಟಿಕೊಂಡು ಬಂದ. ಜೊತೆಗೆ ಅವನ ಹೆಂಡತಿ, ನಾವೆಲ್ಲ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದ ಪದ್ಮಾ. ಪ್ರತಿ ಪ್ರಶ್ನೆಗೂ ಅವನು “ಆಂ?” ಎಂದು ಬಲಗಿವಿ ಮುಂದೆ ಚಾಚುತ್ತಿದ್ದ. ಪ್ರಶ್ನೆ ಕೇಳುತ್ತಿದ್ದ ಅಧಿಕಾರಿ ಒಮ್ಮೆ ನನ್ನತ್ತ ನೋಡಿ ಸಣ್ಣಗೆ ತಲೆಯಾಡಿಸಿದರು — ನೋಡಿ, ನೀವು ಹೇಳಿದ್ದು ಸರಿ, ಇವನಿಗೆ ಕೇಳುವುದಿಲ್ಲ ಎಂಬಂತೆ. ಏಟಿನಿಂದ ಹೋದ ಕಿವಿಯೇ ಏಟಿಗೆ ಕಾರಣವೆಂದು ಬರೆದುಕೊಂಡರು. ವೈನಿ ಎದ್ದು, “ಅವರಿಗೆ ಮೊದಲ ಎಲ್ಲಾ ಛಲೋ ಕೇಳತಿತ್ರಿ,” ಎಂದಳು. ಮನೆಯವರು ಹಾಗೆ ಹೇಳಿಯೇ ಹೇಳುತ್ತಾರೆ ಎಂದು ಯಾರೂ ಬರೆದುಕೊಳ್ಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಅವನ ಕಿವಿಯ ಮೇಲೆ ಚಹಾ ಪಂದ್ಯ ಕಟ್ಟಿ ಸೋತವನು ನಾನು.

ಹೊರಗೆ ಪಡಸಾಲೆಯಲ್ಲಿ ಅವನು ನನ್ನ ಹತ್ತಿರ ಬಂದು ಕೈ ಮುಗಿದ.

“ನನ್ನಿಂದ ನಿಮಗೂ ತ್ರಾಸ ಆತ್ರಿ. ನಮ್ಮನ್ಯಾಗ ಮರಾಠಿನ ಮಾತಾಡ್ತೀವ್ರಿ, ಆದ್ರೂ ಬಂದ್ ಅಂದದ್ದು ಹೆಂಗ ತಿಳೀಲಿಲ್ಲೋ ಏನೋ. ಆ ಎತ್ತಿಂದ ನೆನಪಾದ್ರ ನಿದ್ದಿ ಹತ್ತವಲ್ದು.”

ಅವನು ನಂಬಿಬಿಟ್ಟಿದ್ದ. ತನ್ನ ಕಿವಿಗಿಂತ ನನ್ನ ಮಾತನ್ನು ನಂಬಿದ್ದ. ಪೊಲೀಸರು ಬಂದಾಗ ಯಾರ ಹೆಸರನ್ನೂ ಹೇಳಲಿಲ್ಲವಂತೆ, ತಪ್ಪು ತನ್ನದೇ ಎಂದನಂತೆ. ನಾನು ಅವನ ಭುಜ ತಟ್ಟಿ ‘ಇರಲಿ ಬಿಡು’ ಎಂದೆ. ಹೌದು, ಇರಲಿ ಬಿಡು ಎಂದೆ. ದೊಡ್ಡ ಮನಸ್ಸಿನವನ ಹಾಗೆ. ಇದನ್ನು ಬರೆಯುವಾಗ ನನ್ನ ಕೈಯನ್ನು ನಾನೇ ಜಜ್ಜಿಕೊಳ್ಳಬೇಕು ಎನಿಸುತ್ತದೆ.

ಅವನನ್ನು ಕಟ್ಟೆಯಿಂದ ತೆಗೆದು ಖಾಲಿ ಚೀಲಗಳ ಗೋದಾಮಿಗೆ ಹಾಕಿದರು. ಹಿಂದಿನಿಂದ ಬರುವ ಲಾರಿಯ ಹಾರ್ನು ಯಾವ ಕಡೆಯಿಂದ ಎಂದು ತಿಳಿಯದೆ ಎರಡು ಸಲ ಗಾಲಿಯ ಕೆಳಗೆ ಹೋಗುವುದರಲ್ಲಿದ್ದ. ಮುಂದಿನ ವರ್ಷ ಕೆಲಸ ಬಿಟ್ಟು ರಾಯಬಾಗಕ್ಕೆ ಹೋದ, ಅಲ್ಲಿ ಹಿಟ್ಟಿನ ಗಿರಣಿ ಹಾಕಿದ. ಗಿರಣಿಯಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ, ಹಾಗಾಗಿ ಅಲ್ಲಿ ಅವನೂ ಎಲ್ಲರಂತೆ ಎಂದು ಯಾರೋ ನಗುತ್ತ ಹೇಳಿದರು. ನಾನು ಆ ನಗುವವನ ಮೇಲೆ ಕೈ ಮಾಡಿದೆ. ಅವನಿಗೆ ಯಾಕೆಂದು ಇವತ್ತಿಗೂ ತಿಳಿದಿಲ್ಲ.

ಮನೆಯಲ್ಲೂ ಹಾಗೆಯೇ. ಹೆಂಡತಿ ಒಂದು ಬೆಳಿಗ್ಗೆ “ಹಾಲಿನ ಗಾಡಿ ಬಂದೈತಿ ನೋಡ್ರಿ” ಎಂದಳು. ಕೈಯಲ್ಲಿದ್ದ ತಾಟನ್ನು ಗೋಡೆಗೆ ಬೀಸಿ ಒಗೆದೆ, “ಬಂತು ಅನ್ನು” ಎಂದು ಕೂಗಿದೆ. ಅವಳು ಈಗ ‘ಬಂತು’ ಎನ್ನುತ್ತಾಳೆ. ಯಾಕೆಂದು ಕೇಳುವುದನ್ನೂ ಬಿಟ್ಟಿದ್ದಾಳೆ.

ಹೋದ ತಿಂಗಳು ಚಿಕ್ಕೋಡಿಗೆ ಕೆಲಸದ ಮೇಲೆ ಹೋದವನು ಹಾಗೇ ರಾಯಬಾಗಕ್ಕೆ ಬಸ್ಸು ಹತ್ತಿದೆ. ಹೇಳಿಬಿಡಬೇಕು ಎಂದು ನಿಶ್ಚಯ ಮಾಡಿಕೊಂಡೇ ಹೋದೆ. ಗಿರಣಿ ಓಡುತ್ತಿತ್ತು, ಬೆಲ್ಟಿನ ಪಟ್ಟಿ ಪಟಪಟ ಬಡಿಯುತ್ತಿತ್ತು. ಶಾಂತಿನಾಥ ಹುಬ್ಬು, ಮೀಸೆ ಎಲ್ಲ ಹಿಟ್ಟಾಗಿ ಕುಳಿತಿದ್ದ. ನನ್ನನ್ನು ಕಂಡು ಎದ್ದ, ಸಂತೋಷಪಟ್ಟ. ಜೋಳ ಸುರಿಯಲು ಆ ಕಡೆ ತಿರುಗಿದ. ನಾನು ಅವನ ಪಕ್ಕಕ್ಕೆ ಹೋಗಿ ನಿಂತೆ — ಎಡಪಕ್ಕಕ್ಕೆ. ತಿಳಿದೇ ನಿಂತೆ. ಆ ಗದ್ದಲದಲ್ಲಿ, ಆ ಸತ್ತ ಕಿವಿಗೆ ಬಾಯಿ ಹಚ್ಚಿ ಹೇಳಿದೆ:

“ಶಾಂತಿನಾಥ, ನಾ ಬಂದೈತಿ ಅಂತನ ಅಂದಿದ್ನಿ. ನೀ ಸರಿ ಕೇಳಿದ್ದಿ.”

ಹೇಳಿದೆನಲ್ಲ ಎಂದು ಎದೆ ಹಗುರಾಯಿತು. ನೋಡಿ, ನನ್ನಂಥ ಮನುಷ್ಯ ಎಷ್ಟು ಅಗ್ಗಕ್ಕೆ ಹಗುರಾಗುತ್ತಾನೆ. ಅವನಿಗೆ ಉಸಿರು ತಾಗಿರಬೇಕು, ತಿರುಗಿ ನಕ್ಕು ಬಲಗಿವಿ ಮುಟ್ಟಿ ತೋರಿಸಿದ.

“ಈ ಕಡೆ ಬರ್ರಿ ಸಾಹೇಬ್ರ, ಆ ಕಡೆ ಕೇಳೂದಿಲ್ಲ. ಏನಂದ್ರಿ?”

ನಾನು ಸುತ್ತಿ ಬಲಗಡೆಗೆ ಹೋದೆ. ಬಾಯಿ ತೆರೆದೆ.

“ಗೋಧಿ ಹಿಟ್ಟು ಯಾವಾಗ ಸಿಗತೈತಿ?” ಎಂದೆ.

“ಸಂಜಿಕ ಬರ್ರಿ,” ಎಂದ. ಚಹಾ ತರಿಸಿದ. ಕುಡಿದೆ. ಬಸ್ಸು ಹತ್ತಿ ಬಂದೆ.

ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಮೇಲೆ ಎಡ ಬಲ ಇಲ್ಲ. ಇದರ ಒಂದು ಪ್ರತಿ ಕಾರ್ಖಾನೆಯ ಆಫೀಸಿಗೆ ಹೋಗುತ್ತದೆ, ವಿಚಾರಣೆಯ ಕಡತದಲ್ಲಿ ಅವನ ಕಿವಿಯ ಬಗ್ಗೆ ಬರೆದದ್ದನ್ನು ಅಳಿಸಿ ನನ್ನ ಹೆಸರು ಬರೆಯಲಿ. ಒಂದು ಪ್ರತಿ ಪೊಲೀಸ್ ಠಾಣೆಗೆ. ಒಂದು ಮಲ್ಲಪ್ಪನಿಗೆ, ಅವನು ತಪ್ಪು ಮನುಷ್ಯನನ್ನು ಹೊಡೆದಿದ್ದಾನೆ, ಅವನಿಗೂ ಗೊತ್ತಾಗಬೇಕು. ಗೂಟ ಹಿಡಿದು ನನ್ನ ಮನೆಗೆ ಬಂದರೆ ಚಿಲಕ ಹಾಕುವುದಿಲ್ಲ.

ಮೊದಲ ಪ್ರತಿಯನ್ನು ನಾನೇ ಒಯ್ಯುತ್ತೇನೆ. ಶಾಂತಿನಾಥನ ಗಿರಣಿಯ ಬಾಗಿಲಿಗೆ ಒಂದು ಹಲಗೆ ನೇತುಹಾಕಿದೆ: ‘ಅಮಾವಾಸ್ಯೆ ದಿನ ಗಿರಣಿ ಬಂದ್.’ ಆ ದಿನವೇ ಹೋಗುತ್ತೇನೆ. ಪಟ್ಟಿ ಬಡಿಯುವುದಿಲ್ಲ, ಹಿಟ್ಟು ಕೇಳಲು ನೆಪವಿರುವುದಿಲ್ಲ. ಪದ್ಮಾ ವೈನಿಯನ್ನೂ ಕರೆದು ಎದುರಿಗೆ ಕೂರಿಸಿಕೊಳ್ಳುತ್ತೇನೆ. ಬಲಗಡೆಗೆ ಕುಳಿತು, ಓದದೆ, ಬಾಯಿಂದ ಹೇಳುತ್ತೇನೆ. ಆಮೇಲೆ ಅವನು ಏನು ಮಾಡುತ್ತಾನೋ ಮಾಡಲಿ. ಕ್ಷಮೆ ಕೇಳುವುದಿಲ್ಲ. ಅವನು ಕೊಟ್ಟುಬಿಡುತ್ತಾನೆ, ಅದೇ ಭಯ.

ನಿನ್ನ ಕಿವಿ ಸರಿ ಇತ್ತು, ಶಾಂತಿನಾಥ. ನಾನು ಬಂದೈತಿ ಅಂದಿದ್ದೆ.